ಡಾಲರಿಗೆ 203 ರೂಪಾಯಿ: ಹಿಡಿದಿಟ್ಟ ದರಕ್ಕೆ ಶ್ರೀಲಂಕಾದಲ್ಲಿ ಬೆಲೆ ತೆತ್ತವರು

ಶ್ರೀಲಂಕಾ ಚಹಾಕ್ಕೆ ಹೆಸರಾದ ದೇಶ. ಆ ದೇಶದಲ್ಲಿ 2022ರ ಮಾರ್ಚ್ ಹೊತ್ತಿಗೆ ಚಹಾಕ್ಕೆ ಬೆರೆಸಲು ಹಾಲಿನ ಪುಡಿ ಸಿಗುವುದೇ ಕಷ್ಟವಾಗಿತ್ತು. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಹಾಲು ಅಂದರೆ ಹಾಲಿನ ಪುಡಿಯೇ. ಅದು ನ್ಯೂಜಿಲೆಂಡಿನಂಥ ದೇಶಗಳಿಂದ ಹಡಗಿನಲ್ಲಿ ಬರಬೇಕು. ಡಾಲರ್ ಕೊಟ್ಟು ತರಿಸಬೇಕು. ಡಾಲರ್ ಇರಲಿಲ್ಲ. ಆ ತಿಂಗಳು 400 ಗ್ರಾಂ ಪೊಟ್ಟಣದ ಬೆಲೆ ಒಂದೇ ಏಟಿಗೆ 540 ಶ್ರೀಲಂಕಾ ರೂಪಾಯಿಯಿಂದ 790ಕ್ಕೆ ಹೋಯಿತು. ಸಣ್ಣ ಹೋಟೆಲುಗಳಲ್ಲಿ ಹಾಲು ಹಾಕಿದ ಚಹಾ ಒಂದು ಲೋಟಕ್ಕೆ 100 ರೂಪಾಯಿ ಆಯಿತು. ಎಷ್ಟೋ ಜನ ಕರಿ ಚಹಾಕ್ಕೆ ಇಳಿದರು.

ರೂಪಾಯಿ ಬಿತ್ತು, ಅದಕ್ಕೇ ಬೆಲೆ ಏರಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತಪ್ಪಲ್ಲ. ಆದರೆ ಅರ್ಧ ಕಥೆ ಅಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ಸ್ವಲ್ಪ ನೋಡಿ. ಹಾಲಿನ ಪುಡಿಗೆ, ಅಡುಗೆ ಗ್ಯಾಸಿಗೆ ಜನ ಸಾಲು ನಿಲ್ಲಲು ಶುರು ಮಾಡಿದ್ದು 2021ರಲ್ಲೇ. ಕೊಲಂಬೊ ಬಂದರಿನಲ್ಲಿ ಆಹಾರ ಸಾಮಾನಿನ ನೂರಾರು ಕಂಟೇನರ್‌ಗಳು ಬಿಡಿಸಿಕೊಳ್ಳುವವರಿಲ್ಲದೆ ನಿಂತದ್ದೂ ಆಗಲೇ. ಆಗ ರೂಪಾಯಿ ಬಿದ್ದಿರಲಿಲ್ಲ. ಡಾಲರಿಗೆ ಸುಮಾರು 203 ರೂಪಾಯಿ ಎಂದು ಕೇಂದ್ರ ಬ್ಯಾಂಕ್ ಅದನ್ನು ಕಟ್ಟಿಹಾಕಿತ್ತು. ಬ್ಯಾಂಕಿನ ಫಲಕದಲ್ಲಿ ರೂಪಾಯಿ ಗಟ್ಟಿಯಾಗಿ ಕಾಣುತ್ತಿತ್ತು. ಅಂಗಡಿಗಳು ಖಾಲಿಯಾಗುತ್ತಿದ್ದವು.

ಆ ತಿಂಗಳುಗಳಲ್ಲಿ ಏನಾಯಿತು ಅನ್ನುವುದು ಗೊತ್ತಾಗದೆ ಆಮೇಲಿನ ಕುಸಿತ ಅರ್ಥವಾಗುವುದಿಲ್ಲ.

ಡಾಲರ್ ಖಾಲಿಯಾದದ್ದು ಹೇಗೆ ಅನ್ನುವುದು ಈಗ ಬಹಳ ಜನರಿಗೆ ಗೊತ್ತಿರುವ ಸಂಗತಿ, ಬೇಗ ಹೇಳಿ ಮುಗಿಸುತ್ತೇನೆ. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟಗಳಿಂದ ಪ್ರವಾಸೋದ್ಯಮಕ್ಕೆ ಪೆಟ್ಟು ಬಿತ್ತು. ಅದೇ ವರ್ಷದ ಕೊನೆಗೆ ಹೊಸ ಸರ್ಕಾರ ಸಾಮಾನಿನ ಮಾರಾಟದ ಮೇಲಿನ ತೆರಿಗೆಯಾದ ವ್ಯಾಟ್ ಅನ್ನು 15%ರಿಂದ 8%ಕ್ಕೆ ಇಳಿಸಿತು. ಬೊಕ್ಕಸದ ಆದಾಯ ಕುಸಿಯಿತು. ಸಾಲ ತೀರಿಸುವ ಶಕ್ತಿ ಇದೆಯಾ ಎಂದು ಅಳೆಯುವ ಸಂಸ್ಥೆಗಳು ರೇಟಿಂಗ್ ಇಳಿಸಿದವು. ವಿದೇಶಿ ಮಾರುಕಟ್ಟೆಯಲ್ಲಿ ಹೊಸ ಸಾಲ ಹುಟ್ಟದಂತಾಯಿತು. ಕೋವಿಡ್ ಬಂದು ಪ್ರವಾಸಿಗರು ಪೂರ್ತಿ ನಿಂತರು. 2021ರಲ್ಲಿ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಲ್ಲಿಸಿದ್ದರಿಂದ ಭತ್ತದ ಇಳುವರಿ ಬಿದ್ದು, ಅಕ್ಕಿಯನ್ನೂ ಹೊರಗಿನಿಂದ ತರಬೇಕಾಯಿತು. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ದೇಶದ ವಿದೇಶಿ ಹಣದ ಮೀಸಲು 2021ರ ಕೊನೆಗೆ 310 ಕೋಟಿಗೆ ಇಳಿಯಿತು. ಅದರಲ್ಲೂ ದೊಡ್ಡ ಪಾಲು ಚೀನಾದ ಜೊತೆ ಮಾಡಿಕೊಂಡ ಕರೆನ್ಸಿ ವಿನಿಮಯದ ಹಣ. ಲೆಕ್ಕದಲ್ಲಿ ಉಂಟು, ಹಡಗಿನವನಿಗೆ ಕೊಡಲು ಇಲ್ಲ.

ಇಂಥ ಹೊತ್ತಿನಲ್ಲಿ ದರವನ್ನು 203ಕ್ಕೆ ಹಿಡಿದಿಟ್ಟರು. ಯಾಕೆ? ಇದಕ್ಕೊಂದು ವಾದವಿತ್ತು. ಪೆಟ್ರೋಲು, ಔಷಧಿ, ಬೇಳೆ, ಗೋಧಿ, ಹಾಲಿನ ಪುಡಿ ಎಲ್ಲ ಹೊರಗಿನಿಂದ ಬರುವ ದೇಶ. ರೂಪಾಯಿ ಇಳಿದರೆ ಇವೆಲ್ಲ ದುಬಾರಿ. ಸರ್ಕಾರದ ವಿದೇಶಿ ಸಾಲವೂ ರೂಪಾಯಿ ಲೆಕ್ಕದಲ್ಲಿ ಉಬ್ಬುತ್ತದೆ. ಹಾಗಾಗಿ ದರ ಹಿಡಿದರೆ ಬಡವರಿಗೆ ರಕ್ಷಣೆ ಎಂದರು. ಈ ವಾದದಲ್ಲಿ ಸತ್ಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಡಾಲರ್ ಕೈಯಲ್ಲಿದ್ದಾಗ ಅದು ನಡೆಯುತ್ತದೆ. ಕೇಂದ್ರ ಬ್ಯಾಂಕ್ ದರ ಹಿಡಿಯುತ್ತದೆ ಅಂದರೆ, ಆ ದರಕ್ಕೆ ಡಾಲರ್ ಕೇಳಿದವರಿಗೆ ಕೊಡಬೇಕು. ಕೊಡಲು ಇಲ್ಲದಿದ್ದರೆ 203 ಅನ್ನುವುದು ಬರೀ ಬರೆದಿಟ್ಟ ಸಂಖ್ಯೆ. ಹಾಲಿನ ಪುಡಿ ತರಿಸುವ ವ್ಯಾಪಾರಿ ಬ್ಯಾಂಕಿಗೆ ಹೋಗಿ ಎಲ್‌ಸಿ (ಸರಕು ಕಳಿಸುವವನಿಗೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ ಪತ್ರ) ತೆಗೆಯಲು ಕೇಳುತ್ತಾನೆ. ದರ 203, ಆದರೆ ಡಾಲರ್ ಇಲ್ಲ, ಮುಂದಿನ ವಾರ ಬನ್ನಿ ಅನ್ನುತ್ತಾರೆ. ಮುಂದಿನ ವಾರವೂ ಅದೇ ಮಾತು.

ಡಾಲರ್ ಉಳಿಸಲು ಆಮದು ನಿಲ್ಲಿಸಿದರು. ಕಾರುಗಳನ್ನು ನಿಲ್ಲಿಸಿದ್ದು ಸರಿ ಅನ್ನಬಹುದು. 2020ರಲ್ಲಿ ಅರಿಶಿನವನ್ನೂ ನಿಲ್ಲಿಸಿದರು. ಲಂಕಾದ ಅಡುಗೆಯಲ್ಲಿ ಅರಿಶಿನವಿಲ್ಲದ ಸಾರು ಅಪರೂಪ. ತಮಿಳುನಾಡಿನ ಕರಾವಳಿಯಿಂದ ರಾತ್ರಿ ದೋಣಿಗಳಲ್ಲಿ ಅರಿಶಿನದ ಮೂಟೆ ಸಾಗಿಸುವ ದಂಧೆಯೇ ಹುಟ್ಟಿಕೊಂಡಿತು. ಅದಕ್ಕೂ ಹಣ ಹೋಗುತ್ತಿತ್ತು, ಅಲ್ವಾ? ಬ್ಯಾಂಕಿನ ಲೆಕ್ಕಕ್ಕೆ ಸಿಗದ ದಾರಿಯಲ್ಲಿ ಹೋಗುತ್ತಿತ್ತು ಅಷ್ಟೇ.

ಇದರ ಜೊತೆಗೆ ಇನ್ನೊಂದು ಕೆಲಸ ನಡೆದಿತ್ತು. ತೆರಿಗೆ ಬಾರದ ಬೊಕ್ಕಸವನ್ನು ತುಂಬಲು ಕೇಂದ್ರ ಬ್ಯಾಂಕ್ ಸರ್ಕಾರದ ಸಾಲಪತ್ರಗಳನ್ನು ತಾನೇ ಕೊಂಡು ಹೊಸ ರೂಪಾಯಿ ಸೃಷ್ಟಿಸುತ್ತಿತ್ತು. 2021ರ ಕೊನೆಗೆ ಹೀಗೆ ಕೊಂಡಿಟ್ಟ ಮೊತ್ತ 1 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಒಂದು ಕೈಯಲ್ಲಿ ರೂಪಾಯಿ ಹೆಚ್ಚಿಸುತ್ತಾ ಹೋಗುವುದು, ಇನ್ನೊಂದು ಕೈಯಲ್ಲಿ ಅದರ ಬೆಲೆ ಇಳಿಯದಂತೆ ಹಿಡಿಯುವುದು. ಎರಡೂ ಒಟ್ಟಿಗೆ ಆಗುವ ಕೆಲಸವಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಶ್ರೀಲಂಕಾಕ್ಕೆ ಡಾಲರ್ ತರುವವರಲ್ಲಿ ದೊಡ್ಡ ಪಾಲು ಹೊರದೇಶಗಳಲ್ಲಿ ದುಡಿಯುವವರದು. ಕುವೈತ್, ಸೌದಿ, ಕತಾರ್, ದುಬೈಗಳಲ್ಲಿ ಮನೆಗೆಲಸ ಮಾಡುವ ಹೆಂಗಸರು, ಡ್ರೈವರ್‌ಗಳು, ಕಟ್ಟಡ ಕೆಲಸದವರು. 2020ರಲ್ಲಿ ಇವರು ಬ್ಯಾಂಕಿನ ಮೂಲಕ ಕಳಿಸಿದ್ದು ಸುಮಾರು 710 ಕೋಟಿ ಡಾಲರ್. 2021ರಲ್ಲಿ ಅದು ಸುಮಾರು 550 ಕೋಟಿಗೆ ಇಳಿಯಿತು. 2022ರಲ್ಲಿ 380 ಕೋಟಿ. ಎರಡೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ.

ಇವರು ದುಡಿಯುವುದನ್ನು ನಿಲ್ಲಿಸಿದ್ದರಾ? ಇಲ್ಲ. ಮನೆಗೆ ಹಣ ಕಳಿಸುವುದನ್ನೂ ನಿಲ್ಲಿಸಿರಲಿಲ್ಲ. ದಾರಿ ಬದಲಾಗಿತ್ತು. ಲಂಕಾದಲ್ಲಿ ಇದನ್ನು ಉಂಡಿಯಲ್ ಅನ್ನುತ್ತಾರೆ. ನಮ್ಮ ಹುಂಡಿಯ ಬಳಗದ ಮಾತೇ. ಕುವೈತಿನಲ್ಲಿ ಮನೆಗೆಲಸದಾಕೆ ತನ್ನ ದಿನಾರನ್ನು ಒಬ್ಬ ಏಜೆಂಟನ ಕೈಗೆ ಕೊಡುತ್ತಾಳೆ ಅಂದುಕೊಳ್ಳಿ. ಅವನು ಒಂದು ಫೋನ್ ಮಾಡುತ್ತಾನೆ. ಕುರುಣೇಗಲದ ಹತ್ತಿರದ ಹಳ್ಳಿಯಲ್ಲಿ ಅವನ ಕಡೆಯವನು ಆಕೆಯ ತಾಯಿಯ ಮನೆ ಬಾಗಿಲಿಗೆ ಹೋಗಿ ರೂಪಾಯಿ ಎಣಿಸಿ ಕೊಡುತ್ತಾನೆ. ದಿನಾರು ಕುವೈತಿನಲ್ಲೇ ಉಳಿಯುತ್ತದೆ. ಅದನ್ನು ಬ್ಯಾಂಕಿನಲ್ಲಿ ಡಾಲರ್ ಸಿಗದ ಆಮದುದಾರನೋ, ತನ್ನ ಆಸ್ತಿಯನ್ನು ಸದ್ದಿಲ್ಲದೆ ಹೊರದೇಶಕ್ಕೆ ದಾಟಿಸಬೇಕೆನ್ನುವ ಉಳ್ಳವನೋ ಕೊಳ್ಳುತ್ತಾನೆ. ದೇಶದ ಮೀಸಲಿಗೆ ಒಂದು ಡಾಲರೂ ಬರುವುದಿಲ್ಲ.

ಬ್ಯಾಂಕಿನ ಹೊರಗೆ, ಉಂಡಿಯಲ್‌ನಲ್ಲಿ, ದರ 240ರ ಹತ್ತಿರ ಇದ್ದಾಗ ಬ್ಯಾಂಕಿನ ದರ 203. ಸರ್ಕಾರ 2021ರ ಡಿಸೆಂಬರಿನಲ್ಲಿ ಪ್ರೋತ್ಸಾಹಧನ ಹೆಚ್ಚಿಸಿ ಡಾಲರಿಗೆ ಒಟ್ಟು 10 ರೂಪಾಯಿ ಜಾಸ್ತಿ ಕೊಡುತ್ತೇವೆ ಎಂದಿತು. ಅಂದರೆ 213. ತಿಂಗಳಿಗೆ 300 ಡಾಲರ್ ಕಳಿಸುವಾಕೆಗೆ ಬ್ಯಾಂಕಿನಲ್ಲಿ 63,900, ಉಂಡಿಯಲ್‌ನಲ್ಲಿ 72,000. ಎಂಟು ಸಾವಿರ ರೂಪಾಯಿ ವ್ಯತ್ಯಾಸ. ಹೊಟ್ಟೆ ಬಟ್ಟೆ ಕಟ್ಟಿ, ಮಕ್ಕಳನ್ನು ಬಿಟ್ಟು, ಪರದೇಶದಲ್ಲಿ ದುಡಿಯುವಾಕೆ ಆ ಎಂಟು ಸಾವಿರವನ್ನು ಸುಮ್ನೆ ಬಿಟ್ಟುಕೊಡಬೇಕು ಎಂದು ಯಾರಾದರೂ ಹೇಗೆ ಕೇಳಲು ಸಾಧ್ಯ? ಆದರೆ ಕೇಳಿದರು. ಬ್ಯಾಂಕಿನ ಮೂಲಕ ಕಳಿಸುವುದು ದೇಶಭಕ್ತಿ ಎಂದರು. ಹಿಡಿದಿಟ್ಟ ದರ ಅಂದರೆ ಆಕೆಯ ದುಡಿಮೆಯ ಮೇಲೆ ಹಾಕಿದ ತೆರಿಗೆ. ತೆರಿಗೆ ಎಂದು ಹೆಸರಿಡದ ತೆರಿಗೆ. ಉಂಡಿಯಲ್‌ಗೆ ಹೋಗಲು ಹೆದರಿದವರು ಅದನ್ನು ಕಟ್ಟಿದರು. ಉಳಿದವರು ಬೇರೆ ದಾರಿ ಹಿಡಿದರು.

ಈ ನಷ್ಟ ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಹೋಲಿಕೆ ಸಾಕು. 2023ರ ಮಾರ್ಚಿನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಶ್ರೀಲಂಕಾಕ್ಕೆ ಮಂಜೂರು ಮಾಡಿದ ಸಾಲ ಸುಮಾರು 300 ಕೋಟಿ ಡಾಲರ್. ಅದೂ ನಾಲ್ಕು ವರ್ಷಗಳಲ್ಲಿ ಕಂತು ಕಂತಾಗಿ. 2020ಕ್ಕೆ ಹೋಲಿಸಿದರೆ 2022ರ ಒಂದೇ ವರ್ಷದಲ್ಲಿ ಬ್ಯಾಂಕಿಗೆ ಬರದೆ ಹೋದ ದುಡಿಮೆಗಾರರ ಹಣ 330 ಕೋಟಿ. ಯಾವ ಹಣಕ್ಕಾಗಿ ದೇಶ ಷರತ್ತುಗಳಿಗೆಲ್ಲ ತಲೆಬಾಗಬೇಕಾಯಿತೋ, ಅದಕ್ಕಿಂತ ಜಾಸ್ತಿ ಹಣ ಅದರದ್ದೇ ಮಕ್ಕಳ ಕೈಯಲ್ಲಿತ್ತು. ಇಷ್ಟಕ್ಕೂ ದರವೊಂದೇ ಕಾರಣ ಅನ್ನಲಾಗದು. ಕೋವಿಡ್ ಕಾಲದಲ್ಲಿ ಕೆಲಸ ಬಿಟ್ಟು ಬಂದವರೂ ಇದ್ದರು, 2022ರಲ್ಲಿ ಸರ್ಕಾರದ ಮೇಲಿನ ಸಿಟ್ಟಿಗೆ ಕಳಿಸದವರೂ ಇದ್ದರು. ಆದರೂ ದರ ಸರಿಹೋದ ಮೇಲೆ 2023ರಲ್ಲಿ ಈ ಹಣ ಮತ್ತೆ ಸುಮಾರು 600 ಕೋಟಿಗೆ ಏರಿತು. ಇದನ್ನು ನೋಡಿದರೆ ದರದ ಪಾಲು ಎಷ್ಟಿತ್ತು ಎಂದು ಊಹಿಸಬಹುದು.

ಇನ್ನು ಇದ್ದ ಅಲ್ಪಸ್ವಲ್ಪ ಡಾಲರ್ ಎಲ್ಲಿಗೆ ಹೋಯಿತು? 2022ರ ಜನವರಿ 18ರಂದು ಶ್ರೀಲಂಕಾ 50 ಕೋಟಿ ಡಾಲರಿನ ಬಾಂಡ್ ಸಾಲವನ್ನು ತೀರಿಸಿತು. ಹೊರಗಿನ ಹೂಡಿಕೆದಾರರಿಗೆ ಕೊಟ್ಟ ಮಾತು ತಪ್ಪಬಾರದು ಎಂಬ ಹಟ. ಆಗಲೇ ಎಷ್ಟೋ ಅರ್ಥಶಾಸ್ತ್ರಜ್ಞರು ಕಟ್ಟಬೇಡಿ, ಸಾಲ ಕೊಟ್ಟವರ ಜೊತೆ ಮಾತಿಗೆ ಕೂರಿ, ಐಎಂಎಫ್‌ಗೆ ಹೋಗಿ ಎಂದಿದ್ದರು. ಮೂರೇ ತಿಂಗಳಿಗೆ, ಏಪ್ರಿಲ್ 12ರಂದು, ವಿದೇಶಿ ಸಾಲ ಕಟ್ಟುವುದನ್ನೇ ನಿಲ್ಲಿಸಬೇಕಾಯಿತು. ಮೇ ತಿಂಗಳಲ್ಲಿ 7.8 ಕೋಟಿ ಡಾಲರಿನ ಬಡ್ಡಿ ಕಂತು ಕಟ್ಟಲಾಗದೆ, ದೇಶದ ಇತಿಹಾಸದಲ್ಲೇ ಮೊದಲ ಸಲ ಸಾಲದ ಮರುಪಾವತಿ ತಪ್ಪಿತು. ಆ ಹೊತ್ತಿಗೆ ಬಳಸಲು ಸಿಗುವ ಮೀಸಲು 5 ಕೋಟಿ ಡಾಲರ್ ಕೂಡ ಇಲ್ಲ ಎಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದರು. ಜನವರಿಯಲ್ಲಿ ಕಟ್ಟಿದ್ದು ಅದರ ಹತ್ತು ಪಟ್ಟು. ಅದು ಔಷಧಿಗೆ, ಗ್ಯಾಸಿಗೆ ಆಗುತ್ತಿದ್ದ ಹಣ. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಇದರ ನಡುವೆ 2022ರ ಮಾರ್ಚ್ 7ರಂದು ಕೇಂದ್ರ ಬ್ಯಾಂಕ್ ಹಗ್ಗ ಸಡಿಲಿಸಿತು. ಡಾಲರಿಗೆ 230ರ ತನಕ ಹೋಗಲಿ ಎಂದಿತು. ಮಾರುಕಟ್ಟೆ ಅಲ್ಲಿ ನಿಲ್ಲಲಿಲ್ಲ. ಆ ತಿಂಗಳು ಮುಗಿಯುವಷ್ಟರಲ್ಲಿ 300ರ ಹತ್ತಿರ, ಮೇ ಮಧ್ಯದಲ್ಲಿ 360. ಒಂದೆರಡು ವರ್ಷಗಳಲ್ಲಿ ಮೆಲ್ಲಗೆ ಇಳಿದು, ಜನ ಅದಕ್ಕೆ ಹೊಂದಿಕೊಳ್ಳಲು ಪುರುಸೊತ್ತು ಸಿಗಬೇಕಿದ್ದ ಇಳಿತ ಹತ್ತು ವಾರಗಳಲ್ಲಿ ಆಗಿಹೋಯಿತು. ಅದೂ ಮೀಸಲು ಪೂರ್ತಿ ಬರಿದಾದ ಮೇಲೆ. ಮೀಸಲು ಇದ್ದಾಗ ಬಿಟ್ಟಿದ್ದರೆ ಇಳಿತವನ್ನು ಅಲ್ಲಲ್ಲಿ ತಡೆದು ನಿಲ್ಲಿಸುವ ಶಕ್ತಿ ಇರುತ್ತಿತ್ತು.

ಕುಸಿತದ ನಂತರದ್ದು ನೀವು ಟಿವಿಯಲ್ಲಿ ನೋಡಿದ್ದೇ. 2021ರ ಡಿಸೆಂಬರಿನಲ್ಲಿ ಲೀಟರಿಗೆ 177 ರೂಪಾಯಿ ಇದ್ದ ಪೆಟ್ರೋಲ್ 2022ರ ಜೂನ್ ಕೊನೆಗೆ 470. ಬಂಕ್‌ಗಳ ಮುಂದೆ ದಿನಗಟ್ಟಲೆ ಸಾಲು, ಸಾಲಿನಲ್ಲಿ ನಿಂತಲ್ಲೇ ಪ್ರಾಣ ಬಿಟ್ಟ ವಯಸ್ಸಾದವರು. ಕಾಗದವಿಲ್ಲದೆ ಮುಂದೆ ಹೋದ ಶಾಲಾ ಪರೀಕ್ಷೆಗಳು. ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು. ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ ರಾಜೀನಾಮೆ ಕಳಿಸಿದರು. ಸೆಪ್ಟೆಂಬರಿನಲ್ಲಿ ಬೆಲೆಯೇರಿಕೆ ಸುಮಾರು 70%, ಆಹಾರದ್ದು 95%ರ ಹತ್ತಿರ.

ಆದರೆ ರೂಪಾಯಿ ಬಿದ್ದಾಗ ಎಲ್ಲರಿಗೂ ಒಂದೇ ಥರ ಪೆಟ್ಟು ಬೀಳುವುದಿಲ್ಲ. ಟಿವಿಯಲ್ಲಿ ಕಾಣದ್ದು ಇದು. ನುವರ ಎಲಿಯ, ಹ್ಯಾಟನ್ ಕಡೆಯ ಚಹಾ ತೋಟಗಳನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕರೆತಂದ ಕೂಲಿಯವರ ಮಕ್ಕಳು ಮೊಮ್ಮಕ್ಕಳೇ ಇಂದಿಗೂ ಅಲ್ಲಿ ಎಲೆ ಕೀಳುವವರು. ಬಹಳ ವರ್ಷ ಹೋರಾಡಿ 2021ರ ಮಾರ್ಚಿನಲ್ಲಿ ದಿನಕ್ಕೆ 1,000 ರೂಪಾಯಿ ಕೂಲಿ ಪಡೆದರು. ಅವತ್ತಿನ ದರದಲ್ಲಿ ಅದು 5 ಡಾಲರ್. ಒಂದು ವರ್ಷ ಕಳೆಯಿತು. ರೂಪಾಯಿ 360ಕ್ಕೆ ಬಿತ್ತು. ಕೂಲಿ ಅದೇ 1,000. ಡಾಲರ್ ಲೆಕ್ಕದಲ್ಲಿ 2.80.

ಅವರು ಕಿತ್ತ ಎಲೆಗೆ ಏನಾಯಿತು? ಚಹಾ ಹೊರದೇಶಕ್ಕೆ ಹೋಗುವ ಸರಕು. ಅದರ ಬೆಲೆ ಡಾಲರ್ ಹಿಂದೆಯೇ ಏರುತ್ತದೆ. ಕೊಲಂಬೊ ಹರಾಜಿನಲ್ಲಿ ಕಿಲೋಗೆ ಸಿಗುವ ರೂಪಾಯಿ 2021ಕ್ಕಿಂತ 2022ರಲ್ಲಿ ಸುಮಾರು ಇಮ್ಮಡಿಯಾಯಿತು. ಎಲೆಯ ಬೆಲೆ ಎರಡರಷ್ಟು, ಎಲೆ ಕಿತ್ತವಳ ಕೂಲಿ ಅಷ್ಟೇ. ತೋಟದ ಮಾಲೀಕರಿಗೂ ಗೊಬ್ಬರ, ಡೀಸೆಲ್ ದುಬಾರಿಯಾಗಿತ್ತು, ಇಳುವರಿಯೂ ಬಿದ್ದಿತ್ತು ಅನ್ನುವುದು ನಿಜ. ಆದರೆ ಅವರ ಆದಾಯ ಡಾಲರಿನ ಜೊತೆ ಏರಿತು. ಎಲೆ ಕೀಳುವವಳ ಆದಾಯ ರೂಪಾಯಿಯಲ್ಲೇ ನಿಂತಿತು. ಆಕೆ ಕೊಳ್ಳುವ ಗೋಧಿ ಹಿಟ್ಟು, ಬೇಳೆ, ಸೀಮೆಎಣ್ಣೆ ಮಾತ್ರ ಡಾಲರಿನ ಜೊತೆ ಓಡುತ್ತಿತ್ತು. ನಿಮ್ಮ ಗಳಿಕೆ ಯಾವ ಹಣದಲ್ಲಿ, ನಿಮ್ಮ ಖರ್ಚು ಯಾವ ಹಣಕ್ಕೆ ಕಟ್ಟಿಕೊಂಡಿದೆ ಅನ್ನುವುದರ ಮೇಲೆ ಕುಸಿತ ನಿಮಗೆ ಲಾಭವೋ ನಷ್ಟವೋ ನಿಂತಿರುತ್ತದೆ. ಡಾಲರಿನಲ್ಲಿ ಉಳಿತಾಯ ಇಟ್ಟವರು ಆ ವರ್ಷ ಏನೂ ಮಾಡದೆ ಶ್ರೀಮಂತರಾದರು.

ಸರ್ಕಾರದ ಕಥೆಯೂ ಎಲೆ ಕೀಳುವವಳ ಕಥೆಯ ಹಾಗೆಯೇ. ತೆರಿಗೆ ಬರುವುದು ರೂಪಾಯಿಯಲ್ಲಿ, ಸಾಲ ಇರುವುದು ಡಾಲರಿನಲ್ಲಿ. 100 ಕೋಟಿ ಡಾಲರ್ ಸಾಲ ತೀರಿಸಲು ಮೊದಲು 20 ಸಾವಿರ ಕೋಟಿ ರೂಪಾಯಿ ಸಾಕಿತ್ತು. ಕುಸಿತದ ನಂತರ 36 ಸಾವಿರ ಕೋಟಿ ಬೇಕಾಯಿತು. ಹೊಸದಾಗಿ ಒಂದು ಪೈಸೆ ಸಾಲ ಮಾಡದಿದ್ದರೂ ಇಷ್ಟು ಉಬ್ಬುತ್ತದೆ. ಸರ್ಕಾರ ತನ್ನ ಹೊರೆಯನ್ನು ಇಳಿಸಲು ತೆರಿಗೆ ಏರಿಸಬಹುದು. ಕೂಲಿಯವಳಿಗೆ ಆ ದಾರಿ ಇಲ್ಲ.

ಆಮೇಲಿನ ರಿಪೇರಿ ಕೆಲಸ ಗಟ್ಟಿಯಾಗಿಯೇ ನಡೆಯಿತು. 2022ರ ಏಪ್ರಿಲ್ 7ರಂದು ಕೇಂದ್ರ ಬ್ಯಾಂಕಿನ ಗವರ್ನರ್ ಆದ ನಂದಲಾಲ್ ವೀರಸಿಂಘೆ ಮರುದಿನವೇ ಬಡ್ಡಿ ದರವನ್ನು ಒಂದೇ ಸಲಕ್ಕೆ 7 ಪರ್ಸೆಂಟೇಜ್ ಪಾಯಿಂಟ್ ಏರಿಸಿದರು. ಭಾರತ ಆ ವರ್ಷ ಸಾಲ, ಕರೆನ್ಸಿ ವಿನಿಮಯ, ಇಂಧನ ಎಲ್ಲ ಸೇರಿ ಸುಮಾರು 400 ಕೋಟಿ ಡಾಲರಿನಷ್ಟು ನೆರವು ಕೊಟ್ಟಿತು. ಆ ಬೇಸಿಗೆಯಲ್ಲಿ ದೇಶ ಉಸಿರಾಡಿದ್ದು ಬಹುಮಟ್ಟಿಗೆ ಅದರಿಂದ. 2023ರಲ್ಲಿ ಬಂದ ಹೊಸ ಕಾಯ್ದೆ ಕೇಂದ್ರ ಬ್ಯಾಂಕ್ ಸರ್ಕಾರಕ್ಕೆ ನೇರವಾಗಿ ಹಣ ಒದಗಿಸುವುದಕ್ಕೆ ತಡೆ ಹಾಕಿತು. ಅದೇ ವರ್ಷದ ಜುಲೈ ಹೊತ್ತಿಗೆ ಬೆಲೆಯೇರಿಕೆ ಒಂದಂಕಿಗೆ ಇಳಿಯಿತು. ರೂಪಾಯಿ ಚೇತರಿಸಿಕೊಂಡು 2024ರ ಕೊನೆಗೆ ಡಾಲರಿನ ದರ 300 ರೂಪಾಯಿಗಿಂತ ಕೆಳಗೆ ಬಂತು. ಪತ್ರಿಕೆಗಳು ಇದನ್ನು ಯಶಸ್ಸು ಎಂದು ಬರೆದವು. ಒಂದು ಮಟ್ಟಿಗೆ ಹೌದು.

ಆದರೆ ಬೆಲೆಯೇರಿಕೆ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ. ಏರಿದ ಬೆಲೆ ಮೇಲೆಯೇ ನಿಂತು, ಇನ್ನಷ್ಟು ಏರುವ ವೇಗ ಕಡಿಮೆಯಾಯಿತು ಅಂತ. ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ 2021ರಲ್ಲಿ 13% ಇದ್ದ ಬಡತನ 2022ರಲ್ಲಿ 25% ಆಯಿತು. ಹೊಸದಾಗಿ ಬಡವರಾದವರು ರೂಪಾಯಿ ಚೇತರಿಸಿಕೊಂಡ ಮಾತ್ರಕ್ಕೆ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಮಾರಿದ ಚಿನ್ನ ವಾಪಸ್ ಬರುವುದಿಲ್ಲ. ಶಾಲೆ ಬಿಟ್ಟ ಹುಡುಗ ಮತ್ತೆ ಹೋಗುವುದು ಕಡಿಮೆ.

ರಿಪೇರಿಯ ಖರ್ಚನ್ನು ಹಂಚಿದ್ದು ಹೇಗೆ ಅನ್ನುವುದನ್ನೂ ನೋಡಬೇಕು. ವಿದ್ಯುತ್ ದರವನ್ನು 2022ರ ಆಗಸ್ಟಿನಲ್ಲಿ 75%, ಮತ್ತೆ 2023ರ ಫೆಬ್ರುವರಿಯಲ್ಲಿ 66% ಏರಿಸಿದರು. 8%ಕ್ಕೆ ಇಳಿದಿದ್ದ ವ್ಯಾಟ್ 2024ರ ಜನವರಿಯಲ್ಲಿ 18%ಕ್ಕೆ ಹೋಯಿತು. ಅಂಗಡಿಯಲ್ಲಿ ಸಾಮಾನು ಕೊಳ್ಳುವ ಬಡವನೂ ಕಟ್ಟುವ ತೆರಿಗೆ ಅದು. 2023ರಲ್ಲಿ ದೇಶದೊಳಗಿನ ಸಾಲವನ್ನು ಮರುಹೊಂದಿಸುವಾಗ ಬ್ಯಾಂಕುಗಳ ಕೈಯಲ್ಲಿದ್ದ ಸರ್ಕಾರಿ ಬಾಂಡ್‌ಗಳನ್ನು ಮುಟ್ಟಲಿಲ್ಲ. ಬ್ಯಾಂಕ್ ಬಿದ್ದರೆ ಜನರ ಠೇವಣಿಗೆ ಸಂಚಕಾರ ಎಂಬ ಕಾರಣ ಕೊಟ್ಟರು, ಅದರಲ್ಲಿ ಹುರುಳೂ ಇತ್ತು. ಆದರೆ ಹೊರೆ ಬಂದು ಬಿದ್ದದ್ದು ಇಪಿಎಫ್‌ನಂಥ ನಿವೃತ್ತಿ ನಿಧಿಗಳ ಮೇಲೆ. ಹಳೆಯ ಬಾಂಡ್ ಕೊಟ್ಟು, 2025ರ ತನಕ 12%, ಆಮೇಲೆ 9% ಬಡ್ಡಿಯ ದೀರ್ಘಾವಧಿ ಬಾಂಡ್ ತೆಗೆದುಕೊಳ್ಳಿ ಎಂದರು. ಒಪ್ಪದಿದ್ದರೆ ನಿಧಿಯ ಗಳಿಕೆಯ ಮೇಲಿನ ತೆರಿಗೆ 14%ರಿಂದ 30%. ಗಾರ್ಮೆಂಟ್ ಕಾರ್ಖಾನೆಯ ಹುಡುಗಿಯ ಭವಿಷ್ಯನಿಧಿ ಕೂಡ ಅದರಲ್ಲೇ ಇರುವುದು. ಕುಸಿತದಲ್ಲಿ ಆಕೆಯ ಸಂಬಳ ಕರಗಿತು. ರಿಪೇರಿಯಲ್ಲಿ ಆಕೆಯ ಮುಪ್ಪಿನ ಹಣಕ್ಕೆ ಕೈ ಹಾಕಿದರು.

2023ರ ನವೆಂಬರ್ 14ರಂದು ಶ್ರೀಲಂಕಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗೊಟಬಯ, ಮಹಿಂದ, ಬೆಸಿಲ್ ರಾಜಪಕ್ಸ ಸಹೋದರರು, ಕೇಂದ್ರ ಬ್ಯಾಂಕಿನ ಮಾಜಿ ಗವರ್ನರ್ ಅಜಿತ್ ನಿವಾರ್ಡ್ ಕಬ್ರಾಲ್ ಮತ್ತು ಇತರ ಕೆಲವರು ಆರ್ಥಿಕತೆಯನ್ನು ನಡೆಸಿದ ರೀತಿಯಲ್ಲಿ ಜನರ ನಂಬಿಕೆಗೆ ದ್ರೋಹ ಮಾಡಿದ್ದಾರೆ ಎಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಂದು ದೇಶದ ಅತ್ಯುನ್ನತ ನ್ಯಾಯಾಲಯ ಆರ್ಥಿಕ ನಿರ್ಧಾರಗಳ ಬಗ್ಗೆ ಇಷ್ಟು ನೇರವಾಗಿ ಮಾತಾಡುವುದು ಅಪರೂಪ. ಅದು ಆದದ್ದು ಒಳ್ಳೆಯದೇ ಆಯಿತು ಎಂದು ನಾನು ತಿಳಿದಿದ್ದೇನೆ. ಆದರೆ ನ್ಯಾಯಾಲಯ ಕೊಡಿಸಿದ್ದು ಅರ್ಜಿದಾರರ ಖರ್ಚಿಗೆಂದು ತಲಾ ಒಂದೂವರೆ ಲಕ್ಷ ರೂಪಾಯಿ. ನಷ್ಟವಾದ ಜನರಿಗೆ ಪರಿಹಾರವೇನೂ ಇರಲಿಲ್ಲ.

ಚಹಾ ತೋಟದವರ ಕೂಲಿ ಮತ್ತೆ ಏರಿದ್ದು 2024ರ ಸೆಪ್ಟೆಂಬರಿನಲ್ಲಿ. 1,000 ಇದ್ದದ್ದು 1,350 ಆಯಿತು. ಆ ತಿಂಗಳು ಡಾಲರ್ 300ರ ಆಸುಪಾಸಿನಲ್ಲಿತ್ತು. ಅಂದರೆ ನಾಲ್ಕೂವರೆ ಡಾಲರ್. ಮೂರೂವರೆ ವರ್ಷದ ಹಿಂದೆ, ಹಾಲಿನ ಪುಡಿ ಇನ್ನೂ ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಿದ್ದಾಗ, ಅದೇ ಕೆಲಸಕ್ಕೆ ಅವರಿಗೆ ಸಿಗುತ್ತಿದ್ದದ್ದು ಐದು.